ಹಸ್ತ ನಕ್ಷತ್ರ, ಮೂರನೆಯ ಪಾದ: ‘ಣ’ದಿಂದ ಏನು ಹೆಸರಿಡುವುದು?

ಕೇಳಿದವರು, ತುಮಕೂರು:
ಮಗಳು ಹುಟ್ಟಿ ಹದಿನೆಂಟು ದಿನವಾಯಿತು. ಪಂಚಾಂಗದಲ್ಲಿ ಹಸ್ತ ನಕ್ಷತ್ರಕ್ಕೆ ಪು, ಷ, ಣ, ಠ ಎಂದಿದೆ. ಮೂರನೆಯ ಪಾದವಾದ್ದರಿಂದ ನಮ್ಮ ಪಾಲಿಗೆ ಬಂದದ್ದು ‘ಣ’. ಆ ಅಕ್ಷರದಿಂದ ಶುರುವಾಗುವ ಪದವನ್ನು ನಾನು ಕೇಳಿಯೇ ಇಲ್ಲ. ಅಮ್ಮನಿಗೆ ನಮ್ಮ ಅಜ್ಜಿ ಸಿದ್ಧಗಂಗಮ್ಮನ ಹೆಸರು ಉಳಿಯಬೇಕು. ಹೆಂಡತಿ ಮೊಬೈಲ್‌ನಲ್ಲಿ ‘ರೇಯಾಂಶಿ’ ಹುಡುಕಿಟ್ಟಿದ್ದಾಳೆ. ಜರ್ಮನಿಯಲ್ಲಿರುವ ನಾದಿನಿ, ಅಲ್ಲಿಯವರ ಬಾಯಿಗೂ ಬರುವಂತಿರಲಿ ಎನ್ನುತ್ತಾಳೆ. ನೀವು ಹೆಸರಿಡುವಾಗ ಏನು ನೋಡಿದಿರಿ, ಆಮೇಲೆ ಯಾವುದಕ್ಕೆ ಪೇಚಾಡಿದಿರಿ, ಸ್ವಲ್ಪ ಹೇಳಿ.

ನಿವೃತ್ತ ಕನ್ನಡ ಮೇಷ್ಟ್ರು, ತಿಪಟೂರು:
‘ಣ’ ಬಂದರೆ ‘ನ’ ಹಿಡಿಯುವುದು ರೂಢಿ, ನಿಮ್ಮ ಪುರೋಹಿತರನ್ನು ಕೇಳಿ ನೋಡಿ. ಆರಿದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಙ’ ಬರುತ್ತದೆ. ನನ್ನ ಮೊಮ್ಮಗನಿಗೆ ಅದೇ ಬಂದಿತ್ತು. ಗಿರೀಶ ಎಂದು ಕರೆದೆವು, ಯಾವ ಗ್ರಹವೂ ಮುನಿಸಿಕೊಳ್ಳಲಿಲ್ಲ.

ನನ್ನ ತಕರಾರು ರೇಯಾಂಶಿಯ ಮೇಲೆ. ಸೂರ್ಯನ ಅಂಶ ಎಂದು ಅರ್ಥ ಬರೆದಿರುತ್ತಾರೆ. ರವಿಗೆ ಅಂಶ ಸೇರಿದರೆ ಯಣ್ ಸಂಧಿಯಾಗಿ ರವ್ಯಂಶ ಆಗಬೇಕು. ರೇಯಾಂಶ ಯಾವ ಸಂಧಿಯಿಂದ ಬಂತೋ! ‘ಆರವ’ದ ಕಥೆಯೂ ಇಂಥದ್ದೇ. ಮೊಬೈಲ್‌ನಲ್ಲಿ ಅದರ ಅರ್ಥ ‘ಶಾಂತ’ ಎಂದಿರುತ್ತದೆ, ಸಂಸ್ಕೃತದಲ್ಲಿ ಅದು ಸದ್ದು, ಕೂಗು. ಆ ಹೆಸರಿನ ಇಬ್ಬರು ಹುಡುಗರು ನಮ್ಮ ಬೀದಿಯಲ್ಲಿದ್ದಾರೆ, ನಿಘಂಟೇ ಸರಿ ಎಂದು ದಿನವೂ ಸಾಬೀತು ಮಾಡುತ್ತಾರೆ. ಅರ್ಥವಿಲ್ಲದ ಹೆಸರಿಟ್ಟರೂ ತಪ್ಪಲ್ಲ. ಇಲ್ಲದ ಅರ್ಥವನ್ನು ಮಗುವಿಗೆ ಹೇಳಿಕೊಡಬೇಡಿ, ಅಷ್ಟೇ.

ಶ್ರೀನಿವಾಸಪುರದಿಂದ ಒಬ್ಬರು:
ಅರ್ಥ ಸರಿಯಿದ್ದರೂ ಊರು ದಾಟಿದರೆ ಸಾಕು, ಹೆಸರು ಕೈಕೊಡುತ್ತದೆ. ನಮ್ಮ ಮನೆಮಾತು ತೆಲುಗು. ತಂದೆಯ ಹೆಸರು ಪೆದ್ದಪ್ಪಯ್ಯ. ತೆಲುಗಿನಲ್ಲಿ ಪೆದ್ದ ಎಂದರೆ ಹಿರಿಯ, ದೊಡ್ಡವನು. ನಮ್ಮೂರಿನಲ್ಲಿ ಅದು ಗೌರವದ ಹೆಸರು. ನಾನು ತುಮಕೂರಿನ ಕಾಲೇಜಿಗೆ ಸೇರಿದ ಮೊದಲ ದಿನ ಗುಮಾಸ್ತರು ತಂದೆಯ ಹೆಸರನ್ನು ಗಟ್ಟಿಯಾಗಿ ಓದಿದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಆಮೇಲೆ ಮೂರು ವರ್ಷ ನಾನು ‘ಪೆದ್ದನ ಮಗ’. ಒಮ್ಮೆ ಅಪ್ಪ ಹಾಸ್ಟೆಲಿಗೆ ಬಂದಾಗ ಯಾರೂ ಅವರ ಹೆಸರು ಕೇಳದಿರಲಿ ಎಂದು ಗೇಟಿನಿಂದಲೇ ಹೋಟೆಲಿಗೆ ಕರೆದುಕೊಂಡು ಹೋದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಅವರ ಹೆಸರಿನ ಬಗ್ಗೆ ಅಲ್ಲ.

ಚಿಕ್ಕಪ್ಪನ ಹೆಸರು ಚಿನ್ನಪ್ಪ. ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕ. ಕೋಲಾರದವರಲ್ಲವೇ, ಮನೆಯಲ್ಲಿ ಚಿನ್ನ ಇರಬೇಕು ಎಂದು ಜನ ತಿಳಿದುಕೊಂಡರು. ಒಂದೇ ಭಾಷೆ ಅಣ್ಣನನ್ನು ದಡ್ಡನನ್ನಾಗಿ, ತಮ್ಮನನ್ನು ಬಂಗಾರವನ್ನಾಗಿ ಮಾಡಿಬಿಟ್ಟಿತು! ಮಗು ಮುಂದೆ ಬದುಕಬಹುದಾದ ಎರಡು ಮೂರು ಭಾಷೆಗಳಲ್ಲಿ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ.

ಕೆಜಿಎಫ್‌ನವರು, ಈಗ ಕೋಲಾರದಲ್ಲಿ ವಾಸ:
ನಾನು ಬೆಳೆದದ್ದು ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ. ಜೊತೆಗೆ ಆಡುತ್ತಿದ್ದವರು ಡೊರೊಥಿ, ಅತಾವುಲ್ಲಾ, ದೇವದತ್ತ. ಡೊರೊಥಿ ಗ್ರೀಕ್, ಅತಾವುಲ್ಲಾ ಅರಬ್ಬಿ, ದೇವದತ್ತ ಸಂಸ್ಕೃತ. ಮೂರಕ್ಕೂ ‘ದೇವರು ಕೊಟ್ಟದ್ದು’ ಎಂದೇ ಅರ್ಥ ಎಂಬುದು ತಿಳಿಯುವ ಹೊತ್ತಿಗೆ ಮೂವರೂ ಮೂರು ದಿಕ್ಕಿಗೆ ಹೋಗಿದ್ದರು. ಡೊರೊಥಿಯನ್ನು ತಿರುಗಿಸಿ ಹಾಕಿದರೆ ಥಿಯೋಡರ್: ಥಿಯೋಸ್ ಎಂದರೆ ದೇವರು, ಡೋರನ್ ಎಂದರೆ ಕಾಣಿಕೆ. ಪಕ್ಕದ ಮನೆಯಲ್ಲಿ ಆರೋಗ್ಯಮೇರಿ ಇದ್ದಳು, ವೇಲಾಂಕಣಿಯ ಆರೋಗ್ಯಮಾತೆಯ ಹರಕೆಯ ಮಗು.

ಹಾಗೆಂದು ಒಂದೇ ಸದ್ದು ಕೇಳಿದಲ್ಲೆಲ್ಲ ಒಂದೇ ಮೂಲ ಎಂದುಕೊಳ್ಳಬೇಡಿ. ನಮ್ಮ ಶೀಲಾ ಎಂದರೆ ಒಳ್ಳೆಯ ನಡತೆ. ಐರ್ಲೆಂಡಿನ ಶೀಲಾ ಸಿಸಿಲಿಯಾ ಎಂಬ ಲ್ಯಾಟಿನ್ ಹೆಸರಿನ ರೂಪ, ಅದನ್ನು ಕುರುಡು ಎಂಬ ಅರ್ಥದ ಪದಕ್ಕೆ ಜೋಡಿಸುತ್ತಾರೆ.

ಪಾವಗಡದಿಂದ ಒಬ್ಬ ತಾಯಿ:
ನನ್ನ ಹೆಸರು ತಿಪ್ಪಮ್ಮ. ನನಗಿಂತ ಮೊದಲು ಎರಡು ಮಕ್ಕಳು ಉಳಿಯಲಿಲ್ಲ. ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದರಂತೆ, ಸಾವಿನ ಕಣ್ಣಿಗೆ ಕಸದಂತೆ ಕಾಣಲಿ ಎಂದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲೂ ಈ ಹೆಸರುಗಳು ಇವೆ, ಅದು ಬೇರೆ ದಾರಿ. ಚೀನಾದ ಹಳ್ಳಿಗಳಲ್ಲಿ ಮಗುವಿಗೆ ‘ಗೌಶೆಂಗ್’ ಎನ್ನುತ್ತಿದ್ದರಂತೆ, ನಾಯಿ ತಿಂದು ಮಿಕ್ಕಿದ್ದು ಎಂದು. ಓದಿದಾಗ ಯಾರೋ ನೆಂಟರು ಸಿಕ್ಕಂತಾಯಿತು.

ಆದರೆ ಇನ್ನೊಂದು ಬಗೆಯ ಹೆಸರುಗಳಿವೆ. ಹೆಣ್ಣು ಸಾಕು ಎಂದು ಸಾಕಮ್ಮ. ಚೀನಾದಲ್ಲಿ ‘ಝಾವೊದಿ’, ತಮ್ಮನನ್ನು ಕರೆದು ತಾ ಎಂದು. ಮಹಾರಾಷ್ಟ್ರದಲ್ಲಿ ‘ನಕುಸಾ’, ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯ 285 ಹುಡುಗಿಯರು ಆ ಹೆಸರನ್ನು ಬಿಟ್ಟು ಹೊಸ ಹೆಸರು ಪಡೆದರು. ತಿಪ್ಪೆ ಎಂದು ಕರೆದವರು ನನ್ನನ್ನು ಉಳಿಸಿಕೊಳ್ಳಲು ಕರೆದರು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗೌರಿಬಿದನೂರಿನಿಂದ, ದಾಖಲೆ ಕೆಲಸ ಮಾಡಿದವರು:
ಅರ್ಥ ನಿಧಾನವಾಗಿ ಹುಡುಕಿ, ನೋಂದಣಿ ತಡ ಮಾಡಬೇಡಿ. ಜನನವನ್ನು 21 ದಿನದೊಳಗೆ ತಿಳಿಸಬೇಕು, ನಿಮಗೆ ಉಳಿದಿರುವುದು ಮೂರೇ ದಿನ. ಆಸ್ಪತ್ರೆಯ ಹೆರಿಗೆಯಾದರೆ ತಿಳಿಸುವ ಹೊಣೆ ಅವರದು, ಆದರೂ ವಿಚಾರಿಸಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ನಂತರ ಶುಲ್ಕ ಕಟ್ಟಿ 15 ವರ್ಷದವರೆಗೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಕಾಗುಣಿತ ಅಲ್ಲೇ ಸರಿಯಿರಲಿ.

ಇನಿಷಿಯಲ್ ಇಡುವುದಾದರೆ ಬಿಡಿಸಿ ಬರೆಯಿರಿ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂವಿ ಅವರ ‘ಎಂ’ ಮೋಕ್ಷಗುಂಡಂ, ಅದು ಈಗಿನ ಆಂಧ್ರದಲ್ಲಿರುವ ಅವರ ಪೂರ್ವಿಕರ ಊರು. ಅವರದ್ದು ಎಲ್ಲರಿಗೂ ಗೊತ್ತು. ನಿಮ್ಮ ‘ಎಸ್’ ಊರೋ ಅಪ್ಪನೋ ಎಂದು ಪಾಸ್‌ಪೋರ್ಟ್ ಅರ್ಜಿಗೆ ಹೇಗೆ ಗೊತ್ತಾಗಬೇಕು?

ಕೇಳಿದವರು, ಮತ್ತೆ:
ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಹೇಳಿದ ‘ನ’ ಹಿಡಿದು ನೀಲಗಂಗಾ ಎಂದು ಯೋಚಿಸಿದ್ದೇವೆ. ಅಜ್ಜಿಯ ಗಂಗೆ ಉಳಿಯುತ್ತದೆ, ಜರ್ಮನಿಯವರು ನೀಲಾ ಎಂದರೆ ಸಾಕು. ಬಸವಣ್ಣನವರ ಮಡದಿಯರಾದ ನೀಲಾಂಬಿಕೆ, ಗಂಗಾಂಬಿಕೆ ಇಬ್ಬರೂ ಒಂದೇ ಹೆಸರಿನಲ್ಲಿ ಬಂದರಲ್ಲ ಎಂದು ಅಮ್ಮನೇ ಮೊದಲು ಗುರುತಿಸಿದರು. ಶ್ರೀನಿವಾಸಪುರದವರ ಮಾತಿನಂತೆ ಅಂಗಳದಲ್ಲಿ ನಿಂತು ಮೂರು ಸಲ ಕೂಗಿದೆ. ಎದುರು ಮನೆಯ ನೀಲಮ್ಮ ಬಂದು ಏನು ಬೇಕಿತ್ತು ಎಂದು ಕೇಳಿದರು.

ಆಸ್ಪತ್ರೆಯವರು ಹೆಸರಿನ ಜಾಗ ಖಾಲಿ ಬಿಟ್ಟು ಜನನದ ಮಾಹಿತಿ ಕಳಿಸಿದ್ದಾರಂತೆ. ಹೆಂಡತಿ ಇನ್ನೂ ಒಪ್ಪಿಲ್ಲ. ಹನ್ನೆರಡು ತಿಂಗಳು ಇದೆಯಲ್ಲ ಎನ್ನುತ್ತಿದ್ದಾಳೆ.