ಸೂಪರ್‌ಹೀರೋ ಸಿನಿಮಾನಾ, ಕ್ರಿಸ್‌ಮಸ್ ಸಿನಿಮಾನಾ? ಸುಮ್ನೆ ನೋಡುವವರು ಹೇಳಿ

ಗುಬ್ಬಚ್ಚಿ (ಪ್ರಶ್ನೆ):
ನಾವಿರುವುದು ಶಿಕಾಗೋ ಪಕ್ಕ. ಈ ಡಿಸೆಂಬರ್‌ಗೆ ದಾವಣಗೆರೆಯಿಂದ ಅತ್ತೆ, ಮಾವ ಬರುತ್ತಿದ್ದಾರೆ. ಸಂಜೆ ನಾಲ್ಕೂವರೆಗೇ ಕತ್ತಲು, ಹೊರಗೆ ಚಳಿ, ಟಿವಿ ಬಿಟ್ಟರೆ ಬೇರೆ ಗತಿಯಿಲ್ಲ. ಹತ್ತು ವರ್ಷದ ಮಗ ಬಾಯಿ ಬಿಟ್ಟರೆ ಮಾರ್ವೆಲ್. ಮಾವ ಸಹಕಾರಿ ಬ್ಯಾಂಕಿನಲ್ಲಿದ್ದವರು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅತ್ತೆಗೆ ಅಷ್ಟಕ್ಕಷ್ಟೆ. ನನಗಂತೂ ಈ ಹೀರೋಗಳ ತಲೆಬುಡ ಗೊತ್ತಿಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡುವಂಥ ಸೂಪರ್‌ಹೀರೋ ಸಿನಿಮಾ, ಕ್ರಿಸ್‌ಮಸ್ ಸಿನಿಮಾ ಯಾವುದಿದೆ? ಕಟ್ಟಾ ಅಭಿಮಾನಿಗಳ ಪಟ್ಟಿ ಬೇಡ. ಸುಮ್ನೆ ನೋಡುವವರಿಗೆ ನಿಜವಾಗಿ ಏನನ್ನಿಸಿತು, ಅದು ಬೇಕು.

ಹಿಂದಿನ ಬೆಂಚು:
ಆ ಗುಂಪಿಗೆ ನಾನೂ ಸೇರಿದವನು. ಯಾರಾದರೂ ಟಿಕೆಟ್ ತೆಗೆಸಿದರೆ ಹೋಗುತ್ತೇನೆ, ಇಲ್ಲದಿದ್ದರೆ ಮನೆಯಲ್ಲೇ. ನನಗನ್ನಿಸಿದ್ದು ಇಷ್ಟು. ಹೀರೋಗೆ ಶಕ್ತಿ ಬರುವವರೆಗೆ ಸಿನಿಮಾ ಚೆನ್ನಾಗಿರುತ್ತದೆ. ಶಕ್ತಿ ಬಂದು, ಆಕಾಶದಲ್ಲಿ ತೂತು ಬಿದ್ದು, ಕಟ್ಟಡಗಳು ಉರುಳಲು ಶುರುವಾದರೆ ನಾನು ಫೋನ್ ತೆಗೆಯುತ್ತೇನೆ. ಅದಕ್ಕೇ ಪ್ರತಿ ಹೀರೋನ ಮೊದಲನೇ ಸಿನಿಮಾ ನೋಡಿ ಸುಮ್ಮನಾಗುವುದು ಒಳ್ಳೆಯದು.

ನಿಮ್ಮ ಮನೆಗೆ 2008ರ ಐರನ್ ಮ್ಯಾನ್ ಸಾಕು. ಶಸ್ತ್ರಾಸ್ತ್ರ ಮಾರುವ ಶ್ರೀಮಂತನೊಬ್ಬ ಅಫ್ಘಾನಿಸ್ತಾನದ ಗುಹೆಯಲ್ಲಿ ಸೆರೆ ಸಿಗುತ್ತಾನೆ. ತನ್ನದೇ ಕಂಪನಿಯ ಕ್ಷಿಪಣಿ ಬಿಚ್ಚಿ, ಆ ಬಿಡಿಭಾಗಗಳಿಂದಲೇ ಮೊದಲ ಕವಚ ಬಡಿಯುತ್ತಾನೆ. ಮನೆಗೆ ಬಂದ ಮೇಲೆ ಹಾರುವ ಬೂಟಿನ ಪರೀಕ್ಷೆ. ಹತ್ತು ಪರ್ಸೆಂಟ್ ಶಕ್ತಿ ಕೊಟ್ಟು ನೋಡೋಣ ಅಂತ ಒತ್ತುತ್ತಾನೆ, ಎಗರಿ ಅಪ್ಪಳಿಸಿ ಬೀಳುತ್ತಾನೆ. ಬಿದ್ದವನ ಮೇಲೆ ಪಕ್ಕದಲ್ಲಿದ್ದ ರೋಬೋ ಕೈ ಬುಸ್ ಎಂದು ಬೆಂಕಿ ಆರಿಸುವ ನೊರೆ ಬಿಡುತ್ತದೆ. ನಗೋದಕ್ಕೆ ಭಾಷೆ ಬೇಕಾಗಿಲ್ಲ. ಕೊನೆಯ ಫೈಟು ಮಾತ್ರ ಸಪ್ಪೆ, ಎರಡು ಕಬ್ಬಿಣದ ಗೊಂಬೆ ಗುದ್ದಾಡುತ್ತವೆ. ಅಷ್ಟು ಹೊತ್ತಿಗೆ ನೀವು ಚಪಾತಿ ಲಟ್ಟಿಸಲು ಏಳಬಹುದು.

ಅದರ ನಿರ್ದೇಶಕ ಜಾನ್ ಫಾವ್ರೊ. ಇದೇ ಮನುಷ್ಯ 2003ರಲ್ಲಿ ಎಲ್ಫ್ ಅಂತ ಕ್ರಿಸ್‌ಮಸ್ ಸಿನಿಮಾ ಮಾಡಿದ್ದ. ಉತ್ತರ ಧ್ರುವದಲ್ಲಿ ಸಾಂಟಾನ ಕುಳ್ಳ ಕೆಲಸಗಾರರ ನಡುವೆ ಬೆಳೆದ ಆಜಾನುಬಾಹು ಒಬ್ಬ ಅಪ್ಪನನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಬರುತ್ತಾನೆ. ಸುತ್ತುವ ಬಾಗಿಲಿನಲ್ಲಿ ತಲೆ ತಿರುಗುವವರೆಗೆ ಸುತ್ತುತ್ತಾನೆ. ಸ್ಪಗೆಟ್ಟಿ ಮೇಲೆ ಮೇಪಲ್ ಸಿರಪ್ ಸುರಿದುಕೊಂಡು ಕೈಯಲ್ಲೇ ತಿನ್ನುತ್ತಾನೆ. ಅತ್ತೆಯವರು ಮುಖ ಕಿವುಚಿಕೊಂಡು ನಗುತ್ತಾರೆ, ನೋಡಿ.

ಅವೆಂಜರ್ಸ್ ಎಂಡ್‌ಗೇಮ್ ಮಾತ್ರ ಹಾಕಬೇಡಿ. ಮಗ ಹಟ ಮಾಡಿದರೂ ಬೇಡ. ಅದು ಮಾರ್ವೆಲ್ ಸರಣಿಯ 22ನೇ ಸಿನಿಮಾ, 181 ನಿಮಿಷ. ಹಿಂದಿನವು ನೋಡದವರಿಗೆ ಗುರುತು ಪರಿಚಯ ಇಲ್ಲದ ಮದುವೆಮನೆಗೆ ಹೋದ ಹಾಗೆ. ಒಬ್ಬೊಬ್ಬರು ಒಳಗೆ ಬಂದಾಗಲೂ ಚಪ್ಪಾಳೆ, ನಮಗೆ ಮಾತ್ರ ಯಾರು ಏನು ಗೊತ್ತಿಲ್ಲ.

ಪಿಜ್ಜಾ ಲೇಟು:
ಬೆಂಚಣ್ಣ, ಮೊದಲನೆಯದೇ ಚೆಂದ ಅನ್ನೋದು ಎಲ್ಲ ಕಡೆ ನಡೆಯಲ್ಲ. 2004ರ ಸ್ಪೈಡರ್ ಮ್ಯಾನ್ 2 ನೋಡಿದ್ದೀರಾ? ಹುಡುಗ ಶುರುವಿನಲ್ಲೇ ಪಿಜ್ಜಾ ತಡವಾಗಿ ಮುಟ್ಟಿಸಿ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಬಾಕಿ. ಮೇ ಚಿಕ್ಕಮ್ಮನಿಗೆ ಬ್ಯಾಂಕಿನವರು ಸಾಲ ಕೊಡಲ್ಲ. ಇದೆಲ್ಲ ನಮಗೆ ಗೊತ್ತಿರುವ ಕಷ್ಟ ತಾನೇ. ಓಡುವ ರೈಲನ್ನು ಬಲೆ ಹಾಕಿ ನಿಲ್ಲಿಸಿ ಅವನು ಮೂರ್ಛೆ ಹೋಗುತ್ತಾನೆ. ಪ್ರಯಾಣಿಕರು ಅವನನ್ನು ಕೈಯಿಂದ ಕೈಗೆ ತಲೆ ಮೇಲೆ ಸಾಗಿಸಿ ಒಳಗೆ ಮಲಗಿಸುತ್ತಾರೆ. ಮುಖವಾಡ ಇಲ್ಲ. ‘ಇವನಿನ್ನೂ ಹುಡುಗ’ ಅಂತಾನೆ ಒಬ್ಬ. ನನ್ನಮ್ಮ ಅಲ್ಲಿ ಕಣ್ಣೊರೆಸಿಕೊಂಡರು. ಇಡೀ ಸಿನಿಮಾದಲ್ಲಿ ಅವರಿಗೆ ಅರ್ಥವಾದ ಇಂಗ್ಲಿಷ್ ಬಹಳ ಕಡಿಮೆ.

ಕಾಫಿಪುಡಿ:
ಶಿಕಾಗೋ ಅಂದ ಮೇಲೆ ಹೋಮ್ ಅಲೋನ್ (1990) ಬಿಡೋದುಂಟಾ? ಆ ಕೆಂಪು ಇಟ್ಟಿಗೆ ಮನೆ ಇರುವುದು ನಿಮ್ಮ ಪಕ್ಕದ ವಿನೆಟ್ಕಾದಲ್ಲೇ. ಖಾಸಗಿ ಮನೆ, ಒಳಗೆ ಬಿಡುವುದಿಲ್ಲ. ರಸ್ತೆಯಿಂದಲೇ ಒಂದು ಫೋಟೋ ತೆಗೆದುಕೊಂಡು ಬರಬೇಕು. ಸಿನಿಮಾ ನೋಡಿದ ಮಾರನೇ ದಿನ ಕರೆದುಕೊಂಡು ಹೋಗಿ, ಮಗನಿಗೆ ಖುಷಿಯಾಗುತ್ತದೆ.

ನಮ್ಮ ಮನೆಯಲ್ಲಿ ನೋಡುವಾಗ ಮಕ್ಕಳು ಕಾಯ್ದದ್ದು ಕಳ್ಳರು ಜಾರಿ ಬೀಳುವುದಕ್ಕೆ. ಹಗ್ಗಕ್ಕೆ ಕಟ್ಟಿದ ಬಣ್ಣದ ಡಬ್ಬಿ ಬಂದು ಮುಖಕ್ಕೆ ಬಡಿದಾಗ ಹೋ ಅಂತ ಕೂಗು. ನನ್ನತ್ತೆ ಮಾತ್ರ ಕಳ್ಳರನ್ನು ನೋಡಲೇ ಇಲ್ಲ. ಎಂಟು ವರ್ಷದ ಮಗುವನ್ನು ಮನೆಯಲ್ಲೇ ಬಿಟ್ಟು ವಿಮಾನ ಹತ್ತಿದ ತಾಯಿಯ ಮೇಲೆ ಅವರ ಸಿಟ್ಟು. ‘ಎಣಿಸೋದಕ್ಕೆ ಬರಲ್ವಾ ಇವಳಿಗೆ’ ಅಂತ ಬೈದು, ಆಕೆ ಸಿಕ್ಕಿದ ವ್ಯಾನ್ ಹತ್ತಿ ವಾಪಸ್ ಹೊರಟಾಗಲೇ ಸಮಾಧಾನ ಆಗಿದ್ದು. ನನಗೆ ಅದೇ ಸಿನಿಮಾದ ಬೆನ್ನೆಲುಬು ಅನ್ನಿಸುತ್ತದೆ. ಏಟು, ಗುದ್ದು ಎಲ್ಲ ಒಗ್ಗರಣೆ.

1992ರ ಎರಡನೇ ಭಾಗ ನ್ಯೂಯಾರ್ಕಿನಲ್ಲಿ ನಡೆಯುತ್ತದೆ. ಅದೇ ಕಥೆ, ಅದೇ ಕಳ್ಳರು. ಬೇಕಿದ್ದರೆ ನೋಡಿ.

ಹಳೇ ರೀಲು:
ಮಾವ ಸಹಕಾರಿ ಬ್ಯಾಂಕಿನಲ್ಲಿದ್ದರು ಅಂದಿರಲ್ಲ, ಅವರಿಗೆ ಇಟ್ಸ್ ಎ ವಂಡರ್‌ಫುಲ್ ಲೈಫ್ ತೋರಿಸಲೇಬೇಕು. 1946ರದ್ದು, ಕಪ್ಪುಬಿಳುಪು, ಫ್ರಾಂಕ್ ಕಾಪ್ರಾ ಸಿನಿಮಾ. ಕ್ರಿಸ್‌ಮಸ್ ಸಿನಿಮಾ ಅಂತಾರೆ, ಆದರೆ ಬಹುಪಾಲು ಒಂದು ಸಣ್ಣ ಊರಿನ ಗೃಹಸಾಲ ಸಂಘದ ಕಥೆ. ಆ ಸಂಘ ನಡೆಸುವವನು ಜಾರ್ಜ್, ಅವನೇ ಹೀರೋ. ಮದುವೆ ಮುಗಿಸಿ ಹನಿಮೂನ್‌ಗೆ ಹೊರಟವನಿಗೆ ದಾರಿಯಲ್ಲಿ ಸುದ್ದಿ, ಸಂಘದ ಮುಂದೆ ಜನ ಸೇರಿದ್ದಾರೆ, ಠೇವಣಿ ವಾಪಸ್ ಕೇಳುತ್ತಿದ್ದಾರೆ ಅಂತ. ಇವನು ಕೌಂಟರ್ ಹಿಂದೆ ನಿಂತು ವಿವರಿಸುತ್ತಾನೆ: ನಿಮ್ಮ ದುಡ್ಡು ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ಅವನ ಮನೆಯಲ್ಲಿದೆ, ಇವಳ ಮನೆಯಲ್ಲಿದೆ. ಕೇಳದಿದ್ದಾಗ ಹನಿಮೂನಿನ ದುಡ್ಡನ್ನೇ ಹಂಚುತ್ತಾನೆ. ಬಾಗಿಲು ಹಾಕುವ ಹೊತ್ತಿಗೆ ಎರಡು ಡಾಲರ್ ಉಳಿದಿರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಈ ದೃಶ್ಯಕ್ಕೆ ಎದ್ದು ಕೂರುತ್ತಾರೆ. ಗ್ಯಾರಂಟಿ.

ತಮಾಷೆ ಏನೆಂದರೆ ಬಿಡುಗಡೆಯಾದಾಗ ಅದು ಓಡಲಿಲ್ಲ. 1974ರಲ್ಲಿ ಅದರ ಕಾಪಿರೈಟ್ ನವೀಕರಿಸದೆ ಬಿಟ್ಟುಹೋಯಿತು. ಟಿವಿಯವರಿಗೆ ಪುಕ್ಕಟೆ ಸಿಕ್ಕಿತು, ಪ್ರತಿ ಡಿಸೆಂಬರ್‌ನಲ್ಲೂ ಹಾಕಿದರು. ಹಾಗೆ ಹಾಕಿ ಹಾಕಿಯೇ ಅಮೆರಿಕದವರಿಗೆ ಹಬ್ಬದ ಸಿನಿಮಾ ಆಯಿತು. ಅದರಲ್ಲಿ ಬೀಳುವ ಹಿಮವೂ ಸುಳ್ಳು. ಚಿತ್ರೀಕರಣ ಆಗಿದ್ದು ಸುಡು ಬೇಸಿಗೆಯಲ್ಲಿ. ಆಗೆಲ್ಲ ಹಿಮಕ್ಕೆ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ತುಳಿದರೆ ಕರಕರ ಸದ್ದು, ಮಾತೇ ಕೇಳಿಸುತ್ತಿರಲಿಲ್ಲ. ಇವರು ಬೆಂಕಿ ಆರಿಸುವ ನೊರೆಗೆ ಸೋಪು ನೀರು ಬೆರೆಸಿ ಹಿಮ ಮಾಡಿದರು. ಮೇಲೆ ಐರನ್ ಮ್ಯಾನ್ ಮೇಲೂ ಅದೇ ನೊರೆ ಬಿತ್ತು, ಅಲ್ವಾ!

ಮೊದಲ ಅರ್ಧ ಗಂಟೆ ನಿಧಾನ. ಮಗ ಎದ್ದು ಹೋದರೆ ಹೋಗಲಿ ಬಿಡಿ.

ಸೀರಿಯಲ್ ಸರೋಜ:
ಇಷ್ಟೆಲ್ಲ ಯಾಕೆ? ಅಮೆರಿಕದ ಹಾಲ್‌ಮಾರ್ಕ್ ಚಾನೆಲ್‌ನ ಕ್ರಿಸ್‌ಮಸ್ ಸಿನಿಮಾ ಹಾಕಿ. ಪಟ್ಟಣದಲ್ಲಿ ದೊಡ್ಡ ಕೆಲಸದ ಹುಡುಗಿ, ಸಣ್ಣ ಊರಿಗೆ ಬರುತ್ತಾಳೆ, ಅಲ್ಲಿ ಚೌಕಳಿ ಶರ್ಟಿನ ಹುಡುಗ, ಅವನ ಬೇಕರಿಯೋ ಮರದ ತೋಟವೋ ನಷ್ಟದಲ್ಲಿ. ಕೊನೆಗೆ ಹಿಮ ಬೀಳುವಾಗ ಒಂದು ಮುತ್ತು. ಮಧ್ಯೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬಂದರೂ ಕಥೆ ತಪ್ಪಲ್ಲ. ಒಳ್ಳೆಯ ಸಿನಿಮಾ ಅಂತ ನಾನೇನೂ ಹೇಳಲ್ಲ. ಆದರೆ ಅತ್ತೆ ಸೊಸೆ ಒಟ್ಟಿಗೆ ಕೂತು ‘ಇವನನ್ನೇ ಮದುವೆ ಆಗ್ತಾಳೆ ನೋಡು’ ಅನ್ನುವ ಮಜಾ ಮಾರ್ವೆಲ್‌ನಲ್ಲಿ ಸಿಗಲ್ಲ.

ಕರಾವಳಿ ಮಳೆ:
ಭಾಷೆ ತೊಂದರೆ ಅಂದರೆ ಮಿನ್ನಲ್ ಮುರಳಿ. ಮಲಯಾಳಂದು, ಬಾಸಿಲ್ ಜೋಸೆಫ್ ನಿರ್ದೇಶನ, 2021ರ ಡಿಸೆಂಬರ್ 24ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕನ್ನಡ ಡಬ್ಬಿಂಗ್ ಕೂಡ ಆಗಿದೆ. ನಿಮ್ಮ ಕಡೆ ಆಡಿಯೋ ಪಟ್ಟಿಯಲ್ಲಿ ಕಾಣಿಸುತ್ತದಾ ಅಂತ ಅವರು ಬರುವ ಮುಂಚೆಯೇ ನೋಡಿಟ್ಟುಕೊಳ್ಳಿ. ಕೇರಳದ ಹಳ್ಳಿ, ಹೀರೋ ದರ್ಜಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಸಿಡಿಲು ಬಡಿಯುತ್ತದೆ, ಇವನಿಗೂ ಇನ್ನೊಬ್ಬನಿಗೂ. ಶಕ್ತಿ ಏನೇನಿದೆ ಅಂತ ಪರೀಕ್ಷೆ ಮಾಡಿಸುವವನು ಅಕ್ಕನ ಮಗ, ಪುಟ್ಟ ಹುಡುಗ. ನಿಮ್ಮ ಮಗನಿಗೆ ಅವನೇ ಹೀರೋ ಆಗಿಬಿಡಬಹುದು. ಖಳನಾಯಕನಾಗಿ ಗುರು ಸೋಮಸುಂದರಂ ಮಾಡಿದ್ದು ನೋಡಿದರೆ ಬೈಯಲು ಮನಸ್ಸೇ ಬರಲ್ಲ. ಎರಡೂವರೆ ಗಂಟೆ ದಾಟುತ್ತದೆ, ಮಧ್ಯೆ ಒಂದು ಕಾಫಿ ಇಟ್ಟುಕೊಳ್ಳಿ.

ಹಿಂದಿನ ಬೆಂಚು:
ಪಿಜ್ಜಾದವರೇ, ಸ್ಪೈಡರ್ ಮ್ಯಾನ್ 2 ಒಪ್ಪಿದೆ. ಇನ್ನೊಂದು ಮಾತು. ಬ್ಯಾಟ್‌ಮ್ಯಾನ್ ರಿಟರ್ನ್ಸ್ (1992) ನಡೆಯುವುದೂ ಕ್ರಿಸ್‌ಮಸ್‌ನಲ್ಲೇ, ಎರಡೂ ಒಂದೇ ಏಟಿಗೆ ಸಿಕ್ಕಿತು ಅಂದುಕೊಂಡು ಹಾಕಿಬಿಡಬೇಡಿ. ಪೆಂಗ್ವಿನ್ ಅನ್ನುವವನು ಹಸಿ ಮೀನು ತಿನ್ನುತ್ತಾ ಬಾಯಿಂದ ಕಪ್ಪು ಸುರಿಸುತ್ತಾನೆ. ಊಟದ ಹೊತ್ತಿಗಂತೂ ಬೇಡವೇ ಬೇಡ.

ಗುಬ್ಬಚ್ಚಿ:
ಎಲ್ಲರಿಗೂ ಥ್ಯಾಂಕ್ಸ್. ಕನ್ನಡ ಆಡಿಯೋ ಇವತ್ತೇ ನೋಡುತ್ತೇನೆ. ಮಾವನಿಗೆ ಫೋನಿನಲ್ಲಿ ಆ ಗೃಹಸಾಲ ಸಂಘದ ಕಥೆ ಹೇಳಿದೆ. ‘ಎರಡು ಡಾಲರ್ ಉಳೀತಲ್ಲ, ಹಾಗಾದರೆ ಮುಳುಗಿಲ್ಲ’ ಅಂದರು.