ಲಿವರ್ ನ್ಯೂಟ್ರಲ್‌ಗೆ ತಂದರೂ ರೇಸ್ ಇಳಿಯುತ್ತಿಲ್ಲ: ಹಳೇ 40 ಎಚ್‌ಪಿ ಔಟ್‌ಬೋರ್ಡ್

ಅಳಿವೆ_ದೋಣಿ
ಹೊನ್ನಾವರ ಕಡೆಯವನು. ಶರಾವತಿ ಅಳಿವೆಯಲ್ಲಿ ಓಡಿಸುವ 20 ಅಡಿಯ ಫೈಬರ್ ದೋಣಿ, ಅದರ ಹಿಂಬದಿಗೆ ತಗುಲಿಸಿದ 40 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಟಿಲ್ಲರ್ (ಹಿಂದೆ ಕೂತು ಇಂಜಿನ್ನನ್ನೇ ತಿರುಗಿಸುವ ಹಿಡಿ) ಅಲ್ಲ. ಸ್ಟೇರಿಂಗ್ ಇದೆ, ಬಲಗಡೆ ಗೇರ್, ರೇಸ್ ಎರಡಕ್ಕೂ ಒಂದೇ ಲಿವರ್ ಇರುವ ರಿಮೋಟ್ ಬಾಕ್ಸ್ ಇದೆ, ಅಲ್ಲಿಂದ ಇಂಜಿನ್ನಿಗೆ ಎರಡು ಕೇಬಲ್. ಮಳೆಗಾಲ ಪೂರ್ತಿ ಶೆಡ್‌ನಲ್ಲಿತ್ತು. ಹೋದ ವಾರ ನೀರಿಗೆ ಇಳಿಸಿದೆ. ಲಿವರ್ ಕಲ್ಲಿನ ಹಾಗೆ ಗಟ್ಟಿ. ಮುಂದಕ್ಕೆ ಹೇಗೋ ಹೋಗುತ್ತದೆ, ಆದರೆ ನ್ಯೂಟ್ರಲ್‌ಗೆ ತಂದರೆ ರೇಸ್ ಪೂರ್ತಿ ಇಳಿಯುವುದಿಲ್ಲ, ಗುಂಯ್ ಅಂತಲೇ ಇರುತ್ತದೆ. ಜೆಟ್ಟಿಗೆ ಬಂದಾಗ ರಿವರ್ಸ್ ಹಾಕಿದೆ, ಗೇರ್ ಕಟಾರ್ ಅಂತು. ಕೇಬಲ್ ತುದಿಗೆ ಎಣ್ಣೆ ಬಿಟ್ಟೆ, ಪ್ರಯೋಜನ ಇಲ್ಲ. ಏನು ಮಾಡಲಿ?

ಕಡಲ_ಮಾಣಿ
ಕೇಬಲ್ ಬದಲಿಸಿ, ಮುಗೀತು. ಉಪ್ಪು ನೀರಿನಲ್ಲಿ ಇಷ್ಟು ವರ್ಷ ಬಂದಿದ್ದೇ ಜಾಸ್ತಿ.

ಗ್ರೀಸ್_ಕೈ
ಸ್ವಲ್ಪ ತಡೀರಿ ಮಾರಾಯ್ರೆ. ದುಡ್ಡು ಖರ್ಚು ಮಾಡುವ ಮೊದಲು ತೊಂದರೆ ಎಲ್ಲಿದೆ ಅಂತ ನೋಡಬೇಕಲ್ವಾ? ಗಟ್ಟಿಯಾಗುವುದು ಮೂರು ಜಾಗದಲ್ಲಿ: ಬಾಕ್ಸ್, ಕೇಬಲ್, ಇಂಜಿನ್.

ಇಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದಿಡಿ. ಇಂಜಿನ್ ಮುಚ್ಚಳ ತೆಗೆದು ಥ್ರಾಟಲ್ (ರೇಸ್) ಕೇಬಲಿನ ತುದಿಯನ್ನು ಪಿನ್ನಿನಿಂದ ಬಿಡಿಸಿ. ಈಗ ಇಂಜಿನ್ ಕಡೆಯ ಆರ್ಮ್ ಅನ್ನು, ಅಂದರೆ ಕೇಬಲ್ ಎಳೆಯುವ ಸಣ್ಣ ತೋಳನ್ನು, ಬೆರಳಲ್ಲಿ ತಿರುಗಿಸಿ. ಹಗುರವಾಗಿ ಹೋಗಿ ತಾನೇ ವಾಪಸ್ ಬರಬೇಕು. ಬರದಿದ್ದರೆ ಕೇಬಲ್ ಎಷ್ಟು ಹೊಸದು ಹಾಕಿದರೂ ಅಷ್ಟೇ. ಹಳೇ ಟೂ ಸ್ಟ್ರೋಕಿನಲ್ಲಿ ರೇಸ್ ಕೊಟ್ಟಾಗ ಕಾರ್ಬುರೇಟರ್ ಮಾತ್ರ ತೆರೆಯುವುದಲ್ಲ, ಫ್ಲೈವೀಲ್ ಕೆಳಗಿನ, ಕಿಡಿ ಕೊಡುವ ಮ್ಯಾಗ್ನೆಟೊ ಪ್ಲೇಟೂ ತಿರುಗುತ್ತದೆ, ಕಿಡಿಯ ಟೈಮಿಂಗ್ ಮುಂದೆ ಹೋಗಲಿಕ್ಕೆ. ಅದರ ಅಡಿಯ ಗ್ರೀಸ್ ಒಣಗಿ ಮೇಣದ ಹಾಗೆ ಆಗಿರುತ್ತದೆ. ನಾನು ನೋಡಿದ ‘ಕೇಬಲ್ ಹೋಗಿದೆ’ ಕೇಸುಗಳಲ್ಲಿ ಸುಮಾರು ಇದೇ ಆಗಿತ್ತು.

ಆರ್ಮ್ ಸರಿ ಇದ್ದರೆ, ಕೇಬಲ್ ಬಿಡಿಸಿದ ಹಾಗೇ ಲಿವರ್ ಆಡಿಸಿ ನೋಡಿ. ಇಂಜಿನ್ ನಿಂತಿರುವಾಗ ಗೇರ್ ಸುಲಭಕ್ಕೆ ಬೀಳುವುದಿಲ್ಲ. ಒಬ್ಬರು ಹಿಂದೆ ನಿಂತು ಪ್ರೊಪೆಲ್ಲರ್ ನಿಧಾನ ತಿರುಗಿಸುತ್ತಿರಲಿ. ಜೋರು ಮಾಡಿ ಎಳೆದರೆ ಶಿಫ್ಟ್ (ಗೇರ್) ಕೇಬಲೂ ಹೋಗುತ್ತದೆ.

ಹಾಯಿಪಟ
ಇಷ್ಟೆಲ್ಲ ಕಟ್ಟಿಕೊಂಡು ಸಾಯುವುದಕ್ಕಿಂತ ಟಿಲ್ಲರ್ ಹ್ಯಾಂಡಲ್ ಹಾಕಿಸಿ. ನಮ್ಮ ನಾಡದೋಣಿಯವರೆಲ್ಲ ಅದರಲ್ಲೇ ಓಡಿಸುವುದಲ್ವಾ? ಕೇಬಲೂ ಇಲ್ಲ, ಬಾಕ್ಸೂ ಇಲ್ಲ.

ಅಳಿವೆ_ದೋಣಿ
ಜನ ಕೂರಿಸಿಕೊಂಡು ಹೋಗುವ ದೋಣಿ ಅದು. ನಾನು ಹಿಂದೆ ಕೂತರೆ ಮುಂದಿನ ಮರಳು ದಿಬ್ಬ ಕಾಣುವುದೇ ಇಲ್ಲ.

ಬಹ್ರೇನ್_ಬಾರ್ಕೂರು
ಟಿಲ್ಲರಿನ ಹಿಡಿಯೊಳಗೂ ಕೇಬಲ್ ಇರುತ್ತದೆ ಹಾಯಿಪಟ ಅವರೇ, ಗಿಡ್ಡದು ಅಷ್ಟೇ 🙂 ನಾನು ಇಲ್ಲಿ ಬೋಟ್ ಯಾರ್ಡಿನಲ್ಲಿ ಕೆಲಸ ಮಾಡುವವನು. ಎರಡು ಪ್ರಶ್ನೆ. ಬಾಕ್ಸಿನಲ್ಲಿ ಫ್ರಿಕ್ಷನ್ ಸ್ಕ್ರೂ (ಲಿವರಿನ ಬಿಗಿ ಹೆಚ್ಚು ಕಡಿಮೆ ಮಾಡುವುದು) ಇದೆಯಾ? ಯಮಾಹಾ 703ರಂಥ ಬಾಕ್ಸುಗಳಲ್ಲಿ ಇರುತ್ತದೆ. ಯಾರೋ ಅದನ್ನು ಬಿಗಿ ಮಾಡಿಟ್ಟು, ಓನರ್ ಇಡೀ ಕೇಬಲ್ ಬದಲಿಸಿದ್ದು ನೋಡಿದ್ದೇನೆ. ಎರಡನೆಯದು, ಸ್ಟೇರಿಂಗ್ ತಿರುಗಿಸಿದಾಗ ರೇಸ್ ಹೆಚ್ಚು ಕಡಿಮೆ ಆಗುತ್ತದಾ?

ಅಳಿವೆ_ದೋಣಿ
ಸ್ಕ್ರೂ ಸಡಿಲವೇ ಇದೆ. ಎರಡನೆಯದನ್ನು ನಾನು ಗಮನಿಸಿಯೇ ಇರಲಿಲ್ಲ, ಇವತ್ತು ನೋಡಿದೆ. ಹೌದು! ಬಲಕ್ಕೆ ಪೂರ್ತಿ ತಿರುಗಿಸಿದರೆ ರೇಸ್ ತಾನೇ ಏರುತ್ತದೆ. ಎಡಕ್ಕೆ ಏನೂ ಇಲ್ಲ.

ಕಡಲ_ಮಾಣಿ
ಅದು ಕಾರ್ಬುರೇಟರ್. ಎಲ್ಲೋ ಗಾಳಿ ಎಳೆಯುತ್ತಿದೆ.

ಗ್ರೀಸ್_ಕೈ
ಗ್ಯಾಸ್ಕೆಟಿನಲ್ಲಿ ಗಾಳಿ ಎಳೆದರೆ ಐಡಲ್ (ರೇಸ್ ಕೊಡದಿರುವಾಗಿನ ವೇಗ) ಏರುವುದು ನಿಜ. ಆದರೆ ಗಾಳಿಗೆ ಎಡ ಬಲ ಗೊತ್ತಿರುತ್ತದಾ? ಬಲಕ್ಕೆ ತಿರುಗಿಸಿದಾಗ ಇಂಜಿನ್ನಿನ ಮೂತಿ ಎಡಕ್ಕೆ ಹೋಗುತ್ತದೆ. ಕೇಬಲ್ ಬರುವುದು ಬಲಗಡೆಯಿಂದ. ಅಲ್ಲಿ ಸಡಿಲ ಬಿಟ್ಟ ಸುತ್ತು ಸಾಲದಿದ್ದರೆ ಹೊರಗಿನ ಕವಚ ಎಳೆದುಕೊಂಡು ಒಳಗಿನ ತಂತಿ ಸರಿಯುತ್ತದೆ. ಲಿವರ್ ನೀವು ಮುಟ್ಟದಿದ್ದರೂ ರೇಸ್ ಏರುತ್ತದೆ. ಬಾಕ್ಸಿನಿಂದ ಇಂಜಿನ್ ತನಕ ಕೇಬಲ್ ಅನ್ನು ಕೈಯಲ್ಲಿ ಸವರುತ್ತಾ ಹೋಗಿ, ಮಧ್ಯದಲ್ಲಿ ಬಿಡಬೇಡಿ.

ಅಳಿವೆ_ದೋಣಿ
ಸಿಕ್ಕಿತು. ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತೇನೆ.

ಆರ್ಮ್ ಬೆರಳಲ್ಲಿ ಆರಾಮಾಗಿ ತಿರುಗಿತು, ಟಕ್ ಅಂತ ವಾಪಸ್ ಬಂತು. ಇಂಜಿನ್ ಕಡೆ ಕೇಬಲ್ ಬಿಡಿಸಿದರೂ ಲಿವರ್ ಗಟ್ಟಿಯೇ. ಬಾಕ್ಸ್ ಕಡೆಯದನ್ನೂ ಬಿಡಿಸಿದೆ, ಲಿವರ್ ಬೆಣ್ಣೆ. ಅಂದರೆ ಕೇಬಲ್ಲೇ. ಸವರುತ್ತಾ ಹೋದರೆ ಹಿಂದಿನ ಬೆಂಚಿನ ಕೆಳಗೆ ಬ್ಯಾಟರಿ ವೈರು, ಪೆಟ್ರೋಲ್ ಪೈಪು, ಎರಡು ಕೇಬಲ್ ಎಲ್ಲ ಸೇರಿಸಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದೆ. ಮಳೆಗಾಲದಲ್ಲಿ ಬ್ಯಾಟರಿ ಜಾಗ ಬದಲಿಸಿದಾಗ ನಾನೇ ಕಟ್ಟಿದ್ದು. ಚೆಂದ ಕಾಣಲಿ ಅಂತ! ಇಂಜಿನ್ ಹತ್ತಿರ ಇದ್ದ ಸುತ್ತನ್ನೂ ಒಳಗೆ ಎಳೆದು ಕಟ್ಟಿಬಿಟ್ಟಿದ್ದೇನೆ. ಟೈ ಕತ್ತರಿಸಿ ಕೇಬಲ್ ಹೊರಗೆ ಬಿಟ್ಟೆ, ಮತ್ತೆ ಜೋಡಿಸಿದೆ. ಬಲಕ್ಕೆ ತಿರುಗಿಸಿದರೆ ಈಗ ರೇಸ್ ಏರುವುದಿಲ್ಲ, ನ್ಯೂಟ್ರಲ್‌ನಲ್ಲೂ ಇಳಿಯುತ್ತದೆ. ಆದರೆ ಲಿವರ್ ಇನ್ನೂ ಸ್ವಲ್ಪ ಬಿಗಿ. ಟೈ ಕಚ್ಚಿದ ಜಾಗದಲ್ಲಿ ಕವಚ ಸೀಳಿದೆ, ಒಳಗೆ ಕಂದು ಬಣ್ಣ ಕಾಣುತ್ತದೆ. ಟೇಪ್ ಸುತ್ತಿ ಈ ಸೀಸನ್ ಓಡಿಸಬಹುದಾ?

ಕಡಲ_ಮಾಣಿ
ನಾನು ಮೊದಲನೇ ದಿನವೇ ಹೇಳಿದ್ದೆ, ಕೇಬಲ್ ಬದಲಿಸಿ ಅಂತ 😄

ಗ್ರೀಸ್_ಕೈ
ಹೇಳಿದ್ದು ಸರಿಯೇ. ಆದರೆ ಅವತ್ತೇ ಬದಲಿಸಿದ್ದರೆ ಹೊಸದನ್ನೂ ಅದೇ ಟೈಯಲ್ಲಿ ಬಿಗಿದು ಕಟ್ಟುತ್ತಿದ್ದರು!

ಟೇಪ್ ಬೇಡ. ಕವಚದ ಕೆಳಗಿರುವುದು ಉಕ್ಕಿನ ತಂತಿಯ ಪದರ. ಉಪ್ಪು ನೀರು ಒಳಗೆ ಹೋದ ಮೇಲೆ ಅದು ತುಕ್ಕು ಹಿಡಿದು ಉಬ್ಬುತ್ತದೆ, ಒಳಗಿನ ನಳಿಗೆಯನ್ನು ಅಮುಕುತ್ತದೆ. ನೀವು ತುದಿಗೆ ಬಿಟ್ಟ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಇವತ್ತು ಸ್ವಲ್ಪ ಬಿಗಿ ಇರುವುದು ಅಳಿವೆ ಬಾಯಲ್ಲಿ ಅಲೆ ಏಳುವಾಗಲೇ ಜಾಮ್ ಆಗುತ್ತದೆ. ಆಗ ರೇಸ್ ಕೊಡಲಿಕ್ಕೂ ಆಗದು, ಇಳಿಸಲಿಕ್ಕೂ ಆಗದು. ಜನ ಕೂತಿರುವ ದೋಣಿ ಅಂತ ನೀವೇ ಬರೆದಿದ್ದೀರಿ.

ಹಾಯಿಪಟ
ಇದಕ್ಕೆ ನನ್ನದೂ ಒಪ್ಪಿಗೆ. ಶಿಫ್ಟ್ ಕೇಬಲನ್ನೂ ಜೊತೆಗೇ ಬದಲಿಸಿ. ಅದೇ ವಯಸ್ಸು, ಅದೇ ಟೈಯಲ್ಲಿ ಇದ್ದದ್ದು.

ಬಹ್ರೇನ್_ಬಾರ್ಕೂರು
ಅಂಗಡಿಯಲ್ಲಿ ಬರೀ ‘ಔಟ್‌ಬೋರ್ಡ್ ಕೇಬಲ್’ ಅಂತ ಕೇಳಬೇಡಿ, ಹಳೆಯದನ್ನು ಹಿಡಿದುಕೊಂಡು ಹೋಗಿ. ಮರ್ಕ್ಯುರಿ ಇಂಜಿನ್ನಿನ ಕೇಬಲ್ ತುದಿಯೇ ಬೇರೆ, ಜಪಾನಿ ಇಂಜಿನ್‌ಗಳದ್ದೇ ಬೇರೆ. ಉದ್ದವನ್ನು ಹಳೇ ಕೇಬಲ್ ನೋಡಿ ತೀರ್ಮಾನಿಸಬೇಡಿ, ಈಗ ಬ್ಯಾಟರಿ ಬೇರೆ ಜಾಗದಲ್ಲಿದೆ. ಹಗ್ಗ ಹಿಡಿದು ಅಳೆಯಿರಿ, ಇಂಜಿನ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ 8 ಇಂಚಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಬೇಡಿ.

ಜೋಡಿಸುವಾಗ ಲಿವರ್ ನ್ಯೂಟ್ರಲ್‌ನಲ್ಲಿರಲಿ, ಆರ್ಮ್ ಪೂರ್ತಿ ಮುಚ್ಚಿರಲಿ. ಕೇಬಲ್ ತುದಿಯ ಜಾಯಿಂಟ್ ತಿರುಗಿಸುತ್ತಾ ಅದರ ತೂತು ಪಿನ್ನಿಗೆ ಸರಿಯಾಗಿ ಕೂರುವಂತೆ ಮಾಡಿ, ಎಳೆದು ಕೂರಿಸಬೇಡಿ. ಕೇಬಲಿನ ಥ್ರೆಡ್ ಕನಿಷ್ಠ 8 ಮಿ.ಮೀ. ಜಾಯಿಂಟಿನ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ಓಡುವಾಗ ಕಳಚಿಕೊಳ್ಳುತ್ತದೆ. ಆಮೇಲೆ ಲಾಕ್ ನಟ್, ಕ್ಲಿಪ್.

ಅಳಿವೆ_ದೋಣಿ
ಹಗ್ಗದಲ್ಲಿ ಅಳೆದೆ. ಸುತ್ತೂ ಸೇರಿ 13 ಅಡಿಗೆ ಸ್ವಲ್ಪ ಮೇಲೆ. ಹಳೆಯದು 12! 14 ಅಡಿಯದು ಎರಡು ತರಿಸಲು ಹೇಳಿದ್ದೇನೆ. ಬರುವವರೆಗೆ ದೋಣಿ ದಡದಲ್ಲೇ.

ಗ್ರೀಸ್_ಕೈ
ಹಳೆಯದನ್ನು ಸುಮ್ನೆ ಎಳೆದು ಬಿಸಾಡಬೇಡಿ ಮತ್ತೆ. ಬಾಕ್ಸ್ ಕಡೆಯ ತುದಿಗೆ ಒಂದು ನೈಲಾನ್ ದಾರ ಕಟ್ಟಿ, ಹಿಂದಿನಿಂದ ಎಳೆಯಿರಿ. ದಾರ ಬೆಂಚಿನ ಕೆಳಗೇ ಉಳಿಯುತ್ತದೆ. ಹೊಸದನ್ನು ಅದೇ ದಾರಕ್ಕೆ ಕಟ್ಟಿ ಎಳೆದುಕೊಳ್ಳಬಹುದು, ಬೆಂಚ್ ಬಿಚ್ಚುವ ಕೆಲಸ ಉಳಿಯುತ್ತದೆ.