ಬೇಕಾದ ಫೀಲ್ಡ್ ಮಾತ್ರ ತರಿಸೋದು ಹೇಗೆ? ಸರ್ಚ್ ಮೇಷ್ಟ್ರನ್ನ ಕೇಳಿ

ಕರಾವಳಿ ಕೋಡರ್: ಸರ್, ಇಲಾಸ್ಟಿಕ್‌ಸರ್ಚ್ ಅನ್ನೋ ಹುಡುಕಾಟದ ತಂತ್ರಾಂಶದಲ್ಲಿ ಹುಡುಕಿದಾಗೆಲ್ಲ ಪೂರ್ತಿ ಡಾಕ್ಯುಮೆಂಟ್ ಬರ್ತಿದೆ. ಹೆಸರು, ಬೆಲೆ ಎರಡೇ ಸಾಕು.

ಸರ್ಚ್ ಮೇಷ್ಟ್ರು: ನಮಸ್ಕಾರ. ಕ್ವೆರಿ (ಹುಡುಕಾಟದ ಕೋರಿಕೆ) ಜೊತೆಗೇ _ಸೋರ್ಸ್ (ನೀವು ತುಂಬಿದ ಮೂಲ ಡಾಕ್ಯುಮೆಂಟಿನ ಪ್ರತಿ) ಅಂತ ಬರೆದು ಆ ಎರಡು ಫೀಲ್ಡ್‌ಗಳ ಪಟ್ಟಿ ಕೊಡಿ. ನೆಟ್‌ವರ್ಕ್ ಹೊರೆ ಇಳಿಯುತ್ತೆ. ಸರ್ವರ್ ಮಾತ್ರ ಪೂರ್ತಿ _ಸೋರ್ಸ್ ಓದಿಯೇ ಆರಿಸುತ್ತೆ.

ಬೆಳಗಾವಿ ಬ್ಯಾಕೆಂಡ್: ಸೋಲರ್ ಅನ್ನೋ ಇನ್ನೊಂದು ಸರ್ಚ್ ತಂತ್ರಾಂಶದಲ್ಲಿ ಹೆಂಗ್ರೀ?

ಸರ್ಚ್ ಮೇಷ್ಟ್ರು: ಎಫ್‌ಎಲ್ ಪ್ಯಾರಾಮೀಟರ್, ಹೆಸರುಗಳ ನಡುವೆ ಕಾಮಾ. ಫೀಲ್ಡ್ ಸ್ಟೋರ್ಡ್ (ಮೌಲ್ಯ ಹಾಗೇ ಉಳಿಸಿದ್ದು) ಅಥವಾ ಡಾಕ್‌ವ್ಯಾಲ್ಯೂಸ್ (ವಿಂಗಡಣೆಗೆ ಅಂತ ಫೀಲ್ಡ್‌ವಾರು ಬೇರೆ ಇಟ್ಟ ಮೌಲ್ಯ) ಆಗಿರ್ಬೇಕು. ಇಲ್ಲದಿದ್ರೆ ಹುಡುಕೋಕೆ ಸಿಕ್ಕಿದ್ರೂ ಫಲಿತಾಂಶದಲ್ಲಿ ಬರಲ್ಲ.

ಹಳೇ ಪುಸ್ತಕ: ನಮ್ಮದು ಹಳೆ ಪುಸ್ತಕಗಳ ಕ್ಯಾಟಲಾಗ್. "ಡಿಸ್ಕ್ ಉಳಿಸಿ" ಅನ್ನೋ ಫಾರ್ವರ್ಡ್ ನಂಬಿ ಮ್ಯಾಪಿಂಗ್‌ನಲ್ಲೇ (ಫೀಲ್ಡ್‌ಗಳ ಬಗೆ ಹೇಳೋ ಸೆಟ್ಟಿಂಗ್) _ಸೋರ್ಸ್ ಆಫ್ ಮಾಡಿ ಎಲ್ಲ ತುಂಬಿದ್ವಿ. ಈಗ ಐಡಿ, ಸ್ಕೋರ್ ಬಿಟ್ಟು ಏನೂ ಬರ್ತಿಲ್ಲ. ಮೂಲ ಎಕ್ಸೆಲ್ ಫೈಲೂ ಇಲ್ಲ.

ಸರ್ಚ್ ಮೇಷ್ಟ್ರು: ಆ ಇಂಡೆಕ್ಸ್ (ತುಂಬಿದ ಡೇಟಾ) ಅಳಿಸಬೇಡಿ! ಈಗಲೇ ಸ್ನ್ಯಾಪ್‌ಶಾಟ್ (ಬ್ಯಾಕಪ್) ತಗೊಳ್ಳಿ. ಕ್ವೆರಿಯಲ್ಲಿ _ಸೋರ್ಸ್ ಕತ್ತರಿಸೋದು ಆ ಉತ್ತರಕ್ಕೆ ಮಾತ್ರ. ಮ್ಯಾಪಿಂಗ್‌ನಲ್ಲಿ ಆಫ್ ಮಾಡಿದ್ರೆ ಮೂಲ ಜೇಸನ್ ಡಾಕ್ಯುಮೆಂಟ್ ಉಳಿಯೋದೇ ಇಲ್ಲ. ಅಪ್‌ಡೇಟ್, ರೀಇಂಡೆಕ್ಸ್ (ಹೊಸ ಇಂಡೆಕ್ಸ್‌ಗೆ ನಕಲು) ಎರಡೂ ಸತ್ತಂತೆ. ಕೀವರ್ಡ್ (ಪದಗಳಾಗಿ ಒಡೆಯದೆ ಇಡಿಯಾಗಿ ಉಳಿಸಿದ ಪಠ್ಯ), ಸಂಖ್ಯೆ, ದಿನಾಂಕಗಳನ್ನ ಡಾಕ್‌ವ್ಯಾಲ್ಯೂ_ಫೀಲ್ಡ್ಸ್ ಮೂಲಕ ಹೊರಗೆ ತೆಗೀಬಹುದು. ಒಂದೇ ಪುಸ್ತಕಕ್ಕೆ ಮೂವರು ಲೇಖಕರಿದ್ರೆ ಹೆಸರುಗಳು ನೀವು ಕೊಟ್ಟ ಕ್ರಮದಲ್ಲಿ ಬರಲ್ಲ, ವಿಂಗಡಿಸಿ ಬರುತ್ತವೆ. ಮ್ಯಾಪಿಂಗ್ ತಾನಾಗೇ ಆಗಿದ್ರೆ 256 ಅಕ್ಷರ ಮೀರಿದ ಶೀರ್ಷಿಕೆ ಕೀವರ್ಡ್‌ನಲ್ಲಿ ಇರಲ್ಲ. ಶೀರ್ಷಿಕೆ, ವಿವರಣೆ ಯಾವ ಬಗೆಯ ಫೀಲ್ಡ್ ಅಂತ ತಿಳಿಸಿ. ಆ ಫಾರ್ವರ್ಡನ್ನ ದಯವಿಟ್ಟು ಯಾರೂ ಮುಂದೆ ಕಳಿಸಬೇಡಿ.

ದೇವ್ ಗೌಡ್ರು: _ಸೋರ್ಸೇ ಬೇಡ. ಫೀಲ್ಡ್ಸ್ ಆಪ್ಷನ್ ಬಳಸಿ, ಡಿಸ್ಕ್ ಮುಟ್ಟಲ್ಲ, ಸೂಪರ್ ಫಾಸ್ಟ್.

ಕರಾವಳಿ ಕೋಡರ್: ಗೌಡ್ರೇ, ಇಲಾಸ್ಟಿಕ್‌ಸರ್ಚ್ 7.10ರಲ್ಲಿ ಬಂದ ಆ ಫೀಲ್ಡ್ಸ್ ಕೂಡ ಮಾಮೂಲಿ ಫೀಲ್ಡ್‌ಗಳನ್ನ _ಸೋರ್ಸ್‌ನಿಂದಲೇ ತೆಗೆಯೋದು.

ದೇವ್ ಗೌಡ್ರು: ನಾನು ಪ್ರೊಡಕ್ಷನ್‌ನಲ್ಲಿ ಹಾಕಿದ್ದೀನಿ. ನೀವು?

ಕರಾವಳಿ ಕೋಡರ್: ಹಾಕಿದ್ರೆ ಡಾಕ್ಯುಮೆಂಟೇಶನ್ ಬದಲಾಗುತ್ತಾ?

ಬೆಳಗಾವಿ ಬ್ಯಾಕೆಂಡ್: ಸೋಲರ್‌ನಲ್ಲಿ ಚೈಲ್ಡ್ ಡಾಕ್ಯುಮೆಂಟ್‌ಗೆ (ಒಂದರೊಳಗಿನ ಉಪ ಡಾಕ್ಯುಮೆಂಟ್) ಬೇರೆ ಪಟ್ಟಿ ಕೊಡಬಹುದೇನ್ರಿ?

ಹೊಸಬ: ಹೆಸರು, ಬೆಲೆ ಮಾತ್ರ ಬರೋ ಹಾಗೆ ಹೇಗೆ ಮಾಡೋದು?

ಸರ್ಚ್ ಮೇಷ್ಟ್ರು: ಮೇಲೆ ಮೊದಲ ಉತ್ತರ ಓದಿ.

ಮಲೆನಾಡು: ಫೋನ್ ನಂಬರನ್ನ ಎಕ್ಸ್‌ಕ್ಲೂಡ್ಸ್‌ಗೆ (ಉತ್ತರದಿಂದ ಬಿಡೋ ಫೀಲ್ಡ್‌ಗಳ ಪಟ್ಟಿ) ಹಾಕಿದ್ರೆ ಸೇಫ್ ತಾನೇ?

ಸರ್ಚ್ ಮೇಷ್ಟ್ರು: ಅಲ್ಲ. ಕ್ವೆರಿ ಬದಲಿಸೋಕೆ ಆಗುವವರಿಗೆ ನಂಬರ್ ಸಿಗುತ್ತೆ. ಗೌಡ್ರೇ, ಕೋಡರ್ ಹೇಳಿದ್ದು ಸರಿ, ಇಲ್ಲಿಗೆ ಬಿಡಿ.

ದೇವ್ ಗೌಡ್ರು: ಸರಿ, ಎಲ್ಲ ನಿಮಗೇ ಗೊತ್ತು.

ಹಳೇ ಪುಸ್ತಕ: ಸ್ನ್ಯಾಪ್‌ಶಾಟ್ ಆಯ್ತು ಸರ್. ಶೀರ್ಷಿಕೆ ಕೀವರ್ಡ್, ವಿವರಣೆ ಬರೀ ಟೆಕ್ಸ್ಟ್.

ಸರ್ಚ್ ಮೇಷ್ಟ್ರು: ಶೀರ್ಷಿಕೆ ಸಿಗುತ್ತೆ. ವಿವರಣೆ ಬಿಡಿಬಿಡಿ ಪದಗಳಾಗಿ ಮಾತ್ರ ಉಳಿದಿರುತ್ತೆ, ಮೂಲ ವಾಕ್ಯ ಬರಲ್ಲ. ಪುಸ್ತಕಗಳು ಕಪಾಟಿನಲ್ಲಿದ್ರೆ ಮತ್ತೆ ಟೈಪ್ ಮಾಡ್ಸಿ.